ಅನುಮಾನದಿಂದ ನ್ಯಾಯದವರೆಗೆ

ಅಪರಾಧವನ್ನು ವಸ್ತುವಾಗಿಸಿಕೊಂಡ ಚಲನಚಿತ್ರಗಳನ್ನು ನೋಡುವಾಗ ನಮ್ಮ ಕುತೂಹಲವೆಲ್ಲ ‘ಕೊಂದವರು ಯಾರು?’ ಎಂಬ ಒಂದೇ ಪ್ರಶ್ನೆಯ ಮೇಲೆ ನಿಂತಿರುತ್ತದೆ. ಇಂದು ನಾನು ಪ್ರಸ್ತಾಪಿಸಲಿರುವ ಚಿತ್ರದಲ್ಲಿ ಆ ಪ್ರಶ್ನೆಗೆ ಕೊನೆಯವರೆಗೂ ಉತ್ತರ ದೊರೆಯುವುದಿಲ್ಲ. ಅಲ್ಲಿ ಕೇಳುವ ಪ್ರಶ್ನೆಯೇ ಬೇರೆ. ಕೊಲ್ಲದವನೊಬ್ಬ ತಾನು ಕೊಂದಿಲ್ಲವೆಂದು ಸಿದ್ಧಪಡಿಸುವುದು ಹೇಗೆ? ಅದೂ, ನ್ಯಾಯಾಲಯ ತೀರ್ಪು ಕೊಟ್ಟು ಹನ್ನೊಂದು ವರ್ಷಗಳು ಕಳೆದ ಮೇಲೆ?

1948ರಲ್ಲಿ ತೆರೆಕಂಡ ಆ ಅಮೆರಿಕನ್ ಚಿತ್ರದ ಹೆಸರು ‘ಕಾಲ್ ನಾರ್ತ್‌ಸೈಡ್ 777’. ನಿರ್ದೇಶಕ ಹೆನ್ರಿ ಹ್ಯಾಥವೇ. ಮುಖ್ಯ ಪಾತ್ರದಲ್ಲಿ ಜೇಮ್ಸ್ ಸ್ಟೂವರ್ಟ್. ಅಪರಾಧ, ಅಪನಂಬಿಕೆ, ನಗರದ ಕತ್ತಲು ಇವುಗಳಲ್ಲಿ ಮುಳುಗಿದ ಆ ಕಾಲದ ಹಾಲಿವುಡ್ ಚಿತ್ರಗಳನ್ನು ಫ್ರಾನ್ಸಿನ ವಿಮರ್ಶಕರು 1946ರಲ್ಲಿ ‘ಫಿಲ್ಮ್ ನ್ವಾರ್’, ಎಂದರೆ ಕಪ್ಪು ಚಿತ್ರ, ಎಂದು ಕರೆದರು. ಈ ಚಿತ್ರವೂ ಆ ಪಂಕ್ತಿಗೆ ಸೇರಿದ್ದು. ಆದರೆ ಇಲ್ಲಿನ ಕತ್ತಲು ಸ್ಟುಡಿಯೋದಲ್ಲಿ ಕಟ್ಟಿದ ಕತ್ತಲಲ್ಲ. ಷಿಕಾಗೋ ನಗರದ ನಿಜವಾದ ಬೀದಿಗಳಲ್ಲಿ, ಇಲಿನಾಯ್ ರಾಜ್ಯದ ನಿಜವಾದ ಸೆರೆಮನೆಯಲ್ಲಿ ಚಿತ್ರೀಕರಣ ನಡೆಯಿತು. ಕಾರಣ, ಕಥೆಯೂ ನಿಜವಾದದ್ದೇ.

1932ರ ಡಿಸೆಂಬರ್ 9ರಂದು ಷಿಕಾಗೋದ ಒಂದು ಸಣ್ಣ ಅಂಗಡಿಯಲ್ಲಿ ವಿಲಿಯಂ ಲಂಡಿ ಎಂಬ ಪೊಲೀಸನ ಕೊಲೆಯಾಯಿತು. ಅದು ಪಾನನಿಷೇಧದ ಕಾಲ. ಅಂಗಡಿಯಲ್ಲಿ ಗುಟ್ಟಾಗಿ ಮದ್ಯ ಮಾರಾಟವಾಗುತ್ತಿತ್ತು. ಅಂಗಡಿಯ ಒಡತಿ ಗುರುತಿಸಿದಳೆಂಬ ಆಧಾರದ ಮೇಲೆ ಜೋಸೆಫ್ ಮಾಯ್ಚೆಕ್ ಮತ್ತು ಅವನ ಸಂಗಡಿಗ, ಪೋಲಿಷ್ ಮೂಲದ ಇಬ್ಬರು ತರುಣರಿಗೆ, 1933ರಲ್ಲಿ ತಲಾ 99 ವರ್ಷಗಳ ಸೆರೆವಾಸ ವಿಧಿಸಲಾಯಿತು. ಮಾಯ್ಚೆಕ್‌ನ ತಾಯಿ ಟಿಲ್ಲಿ ಕಛೇರಿಗಳ ನೆಲ ಉಜ್ಜಿ ತೊಳೆಯುವ ಕೆಲಸಕ್ಕೆ ನಿಂತಳು. ವರ್ಷಗಟ್ಟಲೆ ಕೂಡಿಟ್ಟ ಹಣ 5,000 ಡಾಲರ್ ಆದಾಗ, 1944ರ ಅಕ್ಟೋಬರಿನಲ್ಲಿ, ‘ಷಿಕಾಗೋ ಟೈಮ್ಸ್’ ಪತ್ರಿಕೆಯಲ್ಲಿ ಸಣ್ಣದೊಂದು ಜಾಹೀರಾತು ಕೊಟ್ಟಳು: ನಿಜವಾದ ಕೊಲೆಗಾರರ ಸುಳಿವು ಕೊಟ್ಟವರಿಗೆ ಆ ಹಣವೆಲ್ಲ ಬಹುಮಾನ. ಜೇಮ್ಸ್ ಮೆಗ್ವಾಯರ್ ಮತ್ತು ಜಾಕ್ ಮೆಕ್‌ಫಾಲ್ ಎಂಬ ಇಬ್ಬರು ವರದಿಗಾರರು ಇದರ ಬೆನ್ನು ಹತ್ತಿದರು. ಚಿತ್ರದಲ್ಲಿ ಹೆಸರುಗಳು ಬದಲಾಗಿವೆ. ಇಬ್ಬರ ಕೆಲಸವನ್ನು ಮೆಕ್‌ನೀಲ್ ಎಂಬ ಒಬ್ಬನೇ ಮಾಡುತ್ತಾನೆ.

ಈ ಮೆಕ್‌ನೀಲ್‌ನ ಪಾತ್ರದಲ್ಲಿ ನಾನು ಮೆಚ್ಚುವ ಗುಣವೆಂದರೆ ಅವನ ಅಪನಂಬಿಕೆ. ತಾಯಿಯ ಕಣ್ಣೀರು ಅವನಿಗೆ ಒಳ್ಳೆಯ ಸುದ್ದಿ, ಅಷ್ಟೆ. ಪೊಲೀಸನನ್ನು ಕೊಂದವನು ಸೆರೆಮನೆಯಲ್ಲಿದ್ದಾನೆ. ಯಾವ ತಾಯಿ ತಾನೇ ತನ್ನ ಮಗ ಕೊಲೆಗಾರನೆಂದು ಒಪ್ಪುತ್ತಾಳೆ? ಸಂಪಾದಕನ ಒತ್ತಾಯಕ್ಕೆ ಮಣಿದು ಅವನು ಬರೆಯತೊಡಗುತ್ತಾನೆ. ಕೈದಿಯ ಮಾಜಿ ಹೆಂಡತಿ ಮತ್ತು ಮಗನ ಬಗೆಗೂ, ಅವರ ಚಿತ್ರಗಳ ಸಮೇತ, ಬರೆದುಬಿಡುತ್ತಾನೆ. ಮಗನಿಗೆ ಕೊಲೆಗಾರನ ಹೆಸರು ಅಂಟದಿರಲೆಂದು ತಾನೇ ಹೇಳಿ ಹೆಂಡತಿಯಿಂದ ವಿಚ್ಛೇದನ ಪಡೆದಿದ್ದ ಕೈದಿ ಇದನ್ನು ಕಂಡು ಕೆರಳುತ್ತಾನೆ. ಇನ್ನು ಬರೆಯುವುದೇ ಬೇಡ, ತಾನು ಇಲ್ಲಿಯೇ ಇರುತ್ತೇನೆ ಎನ್ನುತ್ತಾನೆ. ಬಿಡುಗಡೆಯ ಆಸೆಗಿಂತ ಮಗನ ಮಾನ ದೊಡ್ಡದೆಂದು ಬಗೆದವನು ಕೊಲೆಗಾರನಿರಲಾರನೇನೋ ಎಂಬ ಅನುಮಾನ ವರದಿಗಾರನಲ್ಲಿ ಬೇರೂರುವುದು ಆಗಲೇ. ಮೊದಲು ಅಪರಾಧಿಯ ಮಾತಿನ ಮೇಲಿದ್ದ ಸಂಶಯ ಈಗ ತೀರ್ಪಿನ ಮೇಲೆ ಹರಿಯುತ್ತದೆ.

ಆದರೆ ಅನುಮಾನ ಬೇರೆ, ಪ್ರಮಾಣ ಬೇರೆ. ಸುಳ್ಳುಪತ್ತೆ ಯಂತ್ರದ ಪರೀಕ್ಷೆಯಲ್ಲಿ ಕೈದಿ ಗೆಲ್ಲುತ್ತಾನೆ. ಆ ಯಂತ್ರದ ಬೆಳವಣಿಗೆಯಲ್ಲಿ ಹೆಸರಾದ ಲಿಯೊನಾರ್ಡ್ ಕೀಲರ್ ಸ್ವತಃ ಈ ದೃಶ್ಯದಲ್ಲಿ ಕಾಣಿಸಿಕೊಂಡಿದ್ದಾನೆ. ಆದರೂ ಕಾನೂನಿಗೆ ಅಷ್ಟು ಸಾಲದು. ಸಾಕ್ಷಿ ಹೇಳಿದ ಹೆಂಗಸು ತನ್ನ ಮಾತನ್ನು ಹಿಂತೆಗೆದುಕೊಳ್ಳಲು ಒಪ್ಪುವುದಿಲ್ಲ. ಕೊನೆಗೆ ಒಂದು ಹಳೆಯ ಛಾಯಾಚಿತ್ರ ಸಿಗುತ್ತದೆ. ಅದರಲ್ಲಿ ಕೈದಿಯೂ ಅವಳೂ ಒಟ್ಟಿಗೆ ಪೊಲೀಸ್ ಠಾಣೆಯೊಳಕ್ಕೆ ಹೋಗುತ್ತಿದ್ದಾರೆ. ಗುರುತಿಸುವುದಕ್ಕೆ ಮುಂಚೆ ಅವನನ್ನು ಕಂಡೇ ಇರಲಿಲ್ಲವೆಂದು ಅವಳು ಪ್ರಮಾಣ ಮಾಡಿ ಹೇಳಿದ್ದಳು. ಚಿತ್ರ ತೆಗೆದದ್ದು ಯಾವ ದಿನ? ಹಿನ್ನೆಲೆಯಲ್ಲಿ ಪತ್ರಿಕೆ ಮಾರುವ ಹುಡುಗನೊಬ್ಬ ನಿಂತಿದ್ದಾನೆ. ಅವನ ಕೈಯ ಪತ್ರಿಕೆಯನ್ನು ಮತ್ತೆ ಮತ್ತೆ ದೊಡ್ಡದು ಮಾಡುತ್ತ ಹೋದಂತೆ ಅಲ್ಲಿನ ತಾರೀಖು ಕಣ್ಣಿಗೆ ಬೀಳುತ್ತದೆ. ತಂತಿಯ ಮೂಲಕ ಆ ಬಿಂಬ ಇನ್ನೊಂದು ಊರಿನಲ್ಲಿ ಕುಳಿತ ಕ್ಷಮಾದಾನ ಮಂಡಲಿಯ ಮುಂದೆ ನಿಧಾನವಾಗಿ ಮೂಡುವಾಗ ನೋಡುವವರು ಉಸಿರು ಬಿಗಿಹಿಡಿಯುತ್ತಾರೆ.

ಈ ಛಾಯಾಚಿತ್ರದ ಪ್ರಸಂಗ ಚಿತ್ರಕಥೆಯ ಕಲ್ಪನೆ. ನಿಜ ಜೀವನದಲ್ಲಿ ದಾರಿ ತೆರೆದದ್ದು ಹಳೆಯ ಕಾಗದಪತ್ರಗಳ ತಾಳ್ಮೆಯ ಶೋಧನೆಯಿಂದ. ಅಂಗಡಿಯ ಒಡತಿ ಮೊದಲು ನೋಡಿದಾಗ ಮಾಯ್ಚೆಕ್‌ನನ್ನು ಗುರುತಿಸಿಯೇ ಇರಲಿಲ್ಲವೆಂಬ ಸಂಗತಿ ಬೆಳಕಿಗೆ ಬಂದಿತು. 1945ರಲ್ಲಿ ರಾಜ್ಯಪಾಲ ಡ್ವೈಟ್ ಗ್ರೀನ್ ಕ್ಷಮಾದಾನ ನೀಡಿದರು. ಮಾಡದ ತಪ್ಪಿಗೆ ‘ಕ್ಷಮೆ’ ಎಂಬ ಮಾತೇ ವಿಚಿತ್ರ. ಆದರೆ ಕಾನೂನಿನ ಭಾಷೆಯಲ್ಲಿ ಅವನಿಗೆ ತೆರೆದಿದ್ದ ಬಾಗಿಲು ಅದೊಂದೇ. ಕಳೆದುಹೋದ ವರ್ಷಗಳಿಗೆ ಪರಿಹಾರವಾಗಿ ರಾಜ್ಯ ಆಮೇಲೆ ಕೊಟ್ಟದ್ದು 24,000 ಡಾಲರ್.

ಚಿತ್ರವನ್ನು ಮೆಚ್ಚಿ ಎದ್ದುಬರುವಾಗ ನನ್ನ ಮನಸ್ಸು ಹೋಗುವುದು ಆ ಇನ್ನೊಬ್ಬನ ಕಡೆಗೆ. ಇಬ್ಬರನ್ನೂ ಸೆರೆಮನೆಗೆ ಕಳಿಸಿದ್ದು ಒಬ್ಬಳೇ ಹೆಂಗಸಿನ ಮಾತು. ಆ ಮಾತು ಒಬ್ಬನ ವಿಷಯದಲ್ಲಿ ನಿಲ್ಲದಿದ್ದರೆ ಮತ್ತೊಬ್ಬನ ವಿಷಯದಲ್ಲಿಯೂ ನಿಲ್ಲಬಾರದಷ್ಟೆ? ಆದರೆ ಮಾಯ್ಚೆಕ್ ಮನೆಗೆ ಬಂದು ಐದು ವರ್ಷಗಳಾಗುವವರೆಗೆ, ಎಂದರೆ 1950ರವರೆಗೆ, ಆ ಸಂಗಡಿಗ ಸೆರೆಯಲ್ಲಿಯೇ ಇದ್ದ. ನೆಲ ತೊಳೆದು ಹಣ ಕೂಡಿಟ್ಟು ಪತ್ರಿಕೆಯ ಬಾಗಿಲು ತಟ್ಟಿದ ಟಿಲ್ಲಿ ಮಾಯ್ಚೆಕ್‌ನ ತಾಯಿ, ಅವನ ತಾಯಿಯಲ್ಲ. ನ್ಯಾಯ ಎಲ್ಲರಿಗೂ ಒಂದೇ ಎಂದು ನಾವು ಹೇಳುತ್ತೇವೆ. ಅದು ತಲುಪುವ ವೇಳೆ ಮಾತ್ರ ಒಂದೇ ಅಲ್ಲ.