ಕ್ಯಾನ್ಸರ್‌ಕಾರಕ ದ್ರವ್ಯಗಳ ವರ್ಗೀಕರಣ: ಪ್ರಮಾಣವೂ ಪರಿಮಾಣವೂ

ಕನ್ನಡದಲ್ಲಿ ‘ಪ್ರಮಾಣ’ವೆಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ತರ್ಕಶಾಸ್ತ್ರದಲ್ಲಿ ಅದು ಯಥಾರ್ಥಜ್ಞಾನಕ್ಕೆ ಸಾಧನವಾದುದು. ಪ್ರತ್ಯಕ್ಷ, ಅನುಮಾನ ಮೊದಲಾದುವನ್ನು ಈ ಹೆಸರಿನಿಂದ ಕರೆಯುವರು. ಲೋಕವ್ಯವಹಾರದಲ್ಲಿಯಾದರೋ ಅದು ಅಳತೆಗೆ ಪರ್ಯಾಯಪದ. ‘ಔಷಧದ ಪ್ರಮಾಣ’ವೆಂದರೆ ಕೊಡತಕ್ಕ ಮದ್ದಿನ ಪರಿಮಾಣ. ಕ್ಯಾನ್ಸರ್ ರೋಗವನ್ನು ಉಂಟುಮಾಡುವ ದ್ರವ್ಯಗಳನ್ನು ವಿಜ್ಞಾನಿಗಳು ಹೇಗೆ ವಿಂಗಡಿಸಿರುವರೆಂಬುದನ್ನು ತಿಳಿಯಬೇಕಾದರೆ ಈ ಎರಡು ಅರ್ಥಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯಕ. ಆ ವಿಂಗಡಣೆ ಮೊದಲನೆಯ ಅರ್ಥದ ಪ್ರಮಾಣವನ್ನು ಆಶ್ರಯಿಸಿದುದು. ಓದುವವರು ಅದನ್ನು ಎರಡನೆಯ ಅರ್ಥದಲ್ಲಿ ಗ್ರಹಿಸುವುದರಿಂದ ಒಂದು ಕಡೆ ಅನಾವಶ್ಯಕವಾದ ಭಯವೂ, ಇನ್ನೊಂದು ಕಡೆ ಅನುಚಿತವಾದ ಧೈರ್ಯವೂ ಹುಟ್ಟುತ್ತವೆ.

ಹೊರಗಿನ ದ್ರವ್ಯವೊಂದು ಈ ರೋಗಕ್ಕೆ ಕಾರಣವಾಗಬಹುದೆಂಬ ವಿಚಾರ ಹೊಸದಲ್ಲ. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯನಾದ ಪರ್ಸಿವಲ್ ಪಾಟ್ ಎಂಬವನು, ಹೊಗೆಗೂಡುಗಳನ್ನು ಗುಡಿಸುವ ಕೆಲಸಗಾರರಲ್ಲಿ ವೃಷಣಚೀಲದ ಕ್ಯಾನ್ಸರ್ ವಿಶೇಷವಾಗಿ ಕಾಣಿಸಿಕೊಳ್ಳುವುದನ್ನು ಗುರುತಿಸಿ, ಚರ್ಮದ ಮಡಿಕೆಗಳಲ್ಲಿ ನೆಲೆನಿಂತ ಹೊಗೆಮಸಿಯೇ ಇದಕ್ಕೆ ಕಾರಣವೆಂದು ಬರೆದನು. ಇದು ಅನುಮಾನದಿಂದ ಬಂದ ಜ್ಞಾನ. 1915ರಲ್ಲಿ ಜಪಾನಿನ ಯಾಮಗಿವ ಮತ್ತು ಇಚಿಕಾವ ಎಂಬ ವಿಜ್ಞಾನಿಗಳು ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲಿನ ಟಾರನ್ನು ಸವರಿ, ಕ್ಯಾನ್ಸರನ್ನು ಪ್ರಯೋಗದಿಂದಲೇ ಉಂಟುಮಾಡಿ ತೋರಿಸಿದರು. ಅನುಮಾನಕ್ಕೆ ಪ್ರತ್ಯಕ್ಷದ ಬೆಂಬಲ ದೊರೆತುದು ಹೀಗೆ. 1950ರಲ್ಲಿ ಆಂಗ್ಲದೇಶದ ಡಾಲ್ ಮತ್ತು ಹಿಲ್ ಎಂಬವರು ರೋಗಿಗಳ ಧೂಮಪಾನದ ಅಭ್ಯಾಸವನ್ನು ಇತರರ ಅಭ್ಯಾಸದೊಡನೆ ಹೋಲಿಸಿ, ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಪ್ರಕಟಿಸಿದರು. ಮನುಷ್ಯರ ವಿಷಯವಾದ ಪರಿಶೀಲನೆ, ಪ್ರಾಣಿಗಳ ಮೇಲಿನ ಪ್ರಯೋಗ, ಜೀವಕೋಶದೊಳಗೆ ದ್ರವ್ಯವು ನಡೆಯಿಸುವ ಕ್ರಿಯೆಯ ವಿಚಾರ, ಈ ಮೂರೂ ಇಂದಿಗೂ ಈ ಶಾಸ್ತ್ರದ ಪ್ರಮಾಣಗಳಾಗಿವೆ.

ಇವುಗಳನ್ನು ತೂಗಿ ತೀರ್ಮಾನ ಹೇಳುವ ಕಾರ್ಯವನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ ನಡೆಯಿಸುತ್ತಿದೆ. ಅದು 1965ರಲ್ಲಿ ಸ್ಥಾಪಿತವಾಯಿತು. ಅದರ ಕೇಂದ್ರ ಫ್ರಾನ್ಸಿನ ಲಿಯಾನ್ ನಗರದಲ್ಲಿದೆ. ಸಾವಿರಕ್ಕೂ ಹೆಚ್ಚು ದ್ರವ್ಯಗಳನ್ನೂ ಸಂದರ್ಭಗಳನ್ನೂ ಅದು ಇದುವರೆಗೆ ವಿಚಾರಿಸಿದೆ. ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವುದೆಂದು ಸಿದ್ಧವಾದುವು ಒಂದನೆಯ ವರ್ಗಕ್ಕೆ ಸೇರುತ್ತವೆ. ಬಹುಮಟ್ಟಿಗೆ ಹಾಗೆಂದು ತೋರುವುವು 2ಎ ವರ್ಗಕ್ಕೂ, ಹಾಗಿರಬಹುದೆಂದು ಶಂಕಿಸತಕ್ಕುವು 2ಬಿ ವರ್ಗಕ್ಕೂ ಸೇರುತ್ತವೆ. ಯಾವ ನಿರ್ಣಯಕ್ಕೂ ಸಾಕಷ್ಟು ಸಾಕ್ಷ್ಯವಿಲ್ಲದುವು ಮೂರನೆಯ ವರ್ಗದವು. ಮೂರನೆಯ ವರ್ಗವೆಂದರೆ ‘ನಿರ್ದೋಷ’ವೆಂದು ಅರ್ಥವಲ್ಲ, ‘ಅನಿರ್ಣೀತ’ವೆಂದು ಮಾತ್ರ ಅರ್ಥ. ಬಹುಶಃ ಕ್ಯಾನ್ಸರ್‌ಕಾರಕವಲ್ಲವೆಂಬ ನಾಲ್ಕನೆಯ ವರ್ಗವೂ ಮೊದಲು ಇದ್ದಿತು. ಅದರಲ್ಲಿ ಕ್ಯಾಪ್ರೊಲ್ಯಾಕ್ಟಮ್ ಎಂಬ ಒಂದೇ ದ್ರವ್ಯವಿದ್ದಿತು. 2019ರ ಪರಿಷ್ಕರಣದಲ್ಲಿ ಆ ವರ್ಗವನ್ನೇ ಕೈಬಿಡಲಾಯಿತು.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶವೇನೆಂದರೆ, ಈ ವರ್ಗಗಳು ಸಾಕ್ಷ್ಯದ ಬಲವನ್ನು ಹೇಳುತ್ತವೆಯೇ ಹೊರತು ದ್ರವ್ಯದ ಬಲವನ್ನು ಹೇಳುವುದಿಲ್ಲ. ಮಬ್ಬುಗತ್ತಲಲ್ಲಿ ಕಂಡುದು ಹಗ್ಗವೋ ಹಾವೋ ಎಂಬುದು ಒಂದು ಪ್ರಶ್ನೆ. ಹಾವೆಂದು ನಿಶ್ಚಯವಾದ ಮೇಲೆ, ಅದರ ವಿಷವೆಷ್ಟು, ಅದು ಎಷ್ಟು ದೂರದಲ್ಲಿದೆ, ದಾರಿಹೋಕನು ದಿನಕ್ಕೆ ಎಷ್ಟು ಸಲ ಆ ಹಾದಿಯಲ್ಲಿ ನಡೆಯುವನು ಎಂಬುವು ಬೇರೆ ಪ್ರಶ್ನೆಗಳು. ಲಿಯಾನಿನ ವರ್ಗೀಕರಣ ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರ. 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಒಂದನೆಯ ವರ್ಗಕ್ಕೆ ಸೇರಿಸಿದಾಗ, ಅದು ತಂಬಾಕಿನಷ್ಟೇ ಘಾತುಕವೆಂದು ಅನೇಕರು ಭಾವಿಸಿದರು. ಆದರೆ ಆಗ ಆ ಸಂಸ್ಥೆಯೇ ಉಲ್ಲೇಖಿಸಿದ ಅಂದಾಜಿನಂತೆ, ಸಂಸ್ಕರಿಸಿದ ಮಾಂಸವನ್ನು ಹೆಚ್ಚಾಗಿ ತಿನ್ನುವುದರಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 34,000 ಕ್ಯಾನ್ಸರ್ ಮರಣಗಳೂ, ತಂಬಾಕಿನಿಂದ ಸುಮಾರು 10 ಲಕ್ಷ ಕ್ಯಾನ್ಸರ್ ಮರಣಗಳೂ ಸಂಭವಿಸುತ್ತಿದ್ದುವು. ಪ್ರಮಾಣ ಎರಡಕ್ಕೂ ಸಮಾನ, ಪರಿಮಾಣದಲ್ಲಿ ಅಜಗಜಾಂತರ.

ಎರಡು ಪ್ರಶ್ನೆಗಳೂ ಒಟ್ಟಿಗೆ ಎದ್ದು, ಬೇರೆಬೇರೆ ಮಂಡಲಿಗಳಿಂದ ಉತ್ತರ ಪಡೆದ ನಿದರ್ಶನ 2023ರಲ್ಲಿ ದೊರೆಯಿತು. ಸಕ್ಕರೆಗೆ ಬದಲಾಗಿ ಬಳಸುವ ಆಸ್ಪರ್ಟೇಮ್ ಎಂಬ ಸಿಹಿವಸ್ತುವನ್ನು ಲಿಯಾನಿನ ಸಂಸ್ಥೆ 2ಬಿ ವರ್ಗಕ್ಕೆ ಸೇರಿಸಿತು. ಅದೇ ವೇಳೆಯಲ್ಲಿ ಆಹಾರದ ಸೇರ್ಪಡೆಗಳನ್ನು ವಿಚಾರಿಸುವ ಅಂತರರಾಷ್ಟ್ರೀಯ ತಜ್ಞಸಮಿತಿ, ದೇಹದ ತೂಕದ ಕಿಲೋಗ್ರಾಮಿಗೆ ದಿನಕ್ಕೆ 40 ಮಿಲಿಗ್ರಾಮಿನವರೆಗೆ ಅದನ್ನು ಸೇವಿಸಬಹುದೆಂಬ ಹಿಂದಿನ ಮಿತಿಯನ್ನೇ ಉಳಿಸಿಕೊಂಡಿತು. ಇವು ಪರಸ್ಪರವಿರುದ್ಧವೆಂದು ಕೆಲವರಿಗೆ ತೋರಿತು. ಒಂದು ಮಂಡಲಿ ಶಂಕೆಗೆ ಆಧಾರವುಂಟೆ ಎಂದು ಕೇಳಿತು. ಮತ್ತೊಂದು ಎಷ್ಟು ಸೇವಿಸಿದರೆ ಬಾಧಕವಿಲ್ಲವೆಂದು ಕೇಳಿತು. ಪ್ರಶ್ನೆಗಳು ಭಿನ್ನವಾದುದರಿಂದ ಉತ್ತರಗಳಲ್ಲಿ ವಿರೋಧವಿಲ್ಲ.

ಕನ್ನಡನಾಡಿಗೆ ಅತ್ಯಂತ ನಿಕಟವಾದ ಉದಾಹರಣೆ ಅಡಕೆಯದು. ಭಾರತದಲ್ಲಿ ಅಡಕೆಯನ್ನು ಅತ್ಯಧಿಕವಾಗಿ ಬೆಳೆಯುವ ರಾಜ್ಯ ಕರ್ನಾಟಕ. ಮಲೆನಾಡು ಮತ್ತು ಕರಾವಳಿಯ ಎಷ್ಟೋ ಕುಟುಂಬಗಳ ಜೀವನ ಅದನ್ನೇ ನಂಬಿದೆ. ತಾಂಬೂಲವಿಲ್ಲದೆ ಮಂಗಳಕಾರ್ಯವಿಲ್ಲ. 1985ರಲ್ಲಿ ಲಿಯಾನಿನ ವಿದ್ವಾಂಸರು ತಂಬಾಕು ಸೇರಿದ ತಾಂಬೂಲವು ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿದರು. ತಂಬಾಕಿಲ್ಲದ ತಾಂಬೂಲದ ವಿಷಯದಲ್ಲಿ ಸಾಕ್ಷ್ಯ ಸಾಲದೆಂದರು. ತರುವಾಯ, ಎಲೆಯಡಕೆಗೆ ತಂಬಾಕನ್ನು ಸಾಮಾನ್ಯವಾಗಿ ಬೆರೆಸದ ತೈವಾನ್ ಮೊದಲಾದ ಕಡೆಗಳಿಂದ ಪರಿಶೀಲನೆಗಳು ಬಂದುವು. 2004ರಲ್ಲಿ ಪ್ರಕಟವಾದ 85ನೆಯ ಸಂಪುಟದಲ್ಲಿ ತಂಬಾಕಿಲ್ಲದ ತಾಂಬೂಲವನ್ನೂ, ಅಡಕೆಯನ್ನೂ ಒಂದನೆಯ ವರ್ಗಕ್ಕೆ ಸೇರಿಸಲಾಯಿತು. ಈ ಅವಧಿಯಲ್ಲಿ ಅಡಕೆಯ ಗುಣ ಬದಲಾಗಲಿಲ್ಲ. ಅದರ ವಿಷಯವಾದ ಜ್ಞಾನ ಬೆಳೆಯಿತು. ‘ಅನಿರ್ಣೀತ’ವೆಂಬುದನ್ನು ‘ನಿರ್ದೋಷ’ವೆಂದು ಓದಿದ್ದವರು ಆ ನಡುವಣ ವರ್ಷಗಳಲ್ಲಿ ಮೋಸಹೋದರೆಂಬುದು ಸ್ಪಷ್ಟ.

ಹಾಗಾದರೆ ಅಡಕೆಯಿಂದಾಗುವ ಹಾನಿಯ ಪರಿಮಾಣವೆಷ್ಟು? ಇದಕ್ಕೆ ವರ್ಗದ ಸಂಖ್ಯೆಯಲ್ಲಿ ಉತ್ತರ ಸಿಗದು. ಜಗಿಯುವವರೆಷ್ಟು ಮಂದಿ, ಎಷ್ಟು ಕಾಲ ಜಗಿಯುವರು ಎಂಬುದರ ಗಣನೆ ಬೇಕು. 2024ರಲ್ಲಿ ಪ್ರಕಟವಾದ ಅಂತಹ ಗಣನೆಯೊಂದರಂತೆ, 2022ರಲ್ಲಿ ಜಗತ್ತಿನಲ್ಲಿ ತಲೆದೋರಿದ ಬಾಯಿಯ ಕ್ಯಾನ್ಸರಿನ ಸುಮಾರು 3,89,800 ಪ್ರಸಂಗಗಳಲ್ಲಿ 1,20,200 ಪ್ರಸಂಗಗಳಿಗೆ ಹೊಗೆರಹಿತ ತಂಬಾಕು ಅಥವಾ ಅಡಕೆ ಕಾರಣ. ಇವುಗಳಲ್ಲಿ ಸುಮಾರು 83,400 ಭಾರತದವು. ಇಲ್ಲಿ ಪ್ರಮಾಣವೂ ಬಲವಾಗಿದೆ, ಪರಿಮಾಣವೂ ದೊಡ್ಡದಾಗಿದೆ. ವರ್ಗವು ಪರಿಮಾಣವನ್ನು ಹೇಳುವುದಿಲ್ಲವೆಂಬ ಮಾತನ್ನು ಹಿಡಿದು, ಹಾನಿಯೇ ಇಲ್ಲವೆಂದು ವಾದಿಸುವುದು ಮೊದಲಿನ ತಪ್ಪಿಗೆ ಪ್ರತಿಯಾದ ಇನ್ನೊಂದು ತಪ್ಪು.

ಈ ಗೊಂದಲದಲ್ಲಿ ಭಾಷೆಯ ಪಾಲೂ ಇದೆ. ದ್ರವ್ಯದಲ್ಲಿ ಅಡಗಿರುವ ಕೆಡುಕಿನ ಶಕ್ತಿಗೂ, ಆ ಕೆಡುಕು ಒಬ್ಬನಿಗೆ ವಾಸ್ತವವಾಗಿ ಒದಗುವ ಸಂಭವಕ್ಕೂ ಕನ್ನಡ ಬರವಣಿಗೆಯಲ್ಲಿ ‘ಅಪಾಯ’ವೆಂಬ ಒಂದೇ ಪದ ಬಳಕೆಯಾಗುತ್ತದೆ. ಮೊದಲನೆಯದನ್ನು ‘ಹಾನಿಶಕ್ತಿ’ಯೆಂದೂ, ಎರಡನೆಯದನ್ನು ‘ಹಾನಿಸಂಭವ’ವೆಂದೂ ಬೇರೆಯಾಗಿ ಹೇಳಿದರೆ ಅರ್ಥ ತಿಳಿಯಾಗುವುದು. ಹಾಗೆಯೇ 2ಎ ಮತ್ತು 2ಬಿ ವರ್ಗಗಳೆರಡನ್ನೂ ‘ಸಂಭಾವ್ಯ’ವೆಂಬ ಒಂದೇ ಮಾತಿನಲ್ಲಿ ಮುಗಿಸದೆ, ಹಿಂದಿನದಕ್ಕೆ ‘ಸಂಭಾವ್ಯ’, ಮುಂದಿನದಕ್ಕೆ ‘ಶಂಕಿತ’ ಎಂಬ ಪದಗಳನ್ನು ನಿಯತವಾಗಿ ಬಳಸುವುದು ಯುಕ್ತ. ಪಾಠಪುಸ್ತಕಗಳನ್ನು ಬರೆಯುವವರಿಗೂ, ಅವನ್ನು ಬೋಧಿಸುವ ಉಪಾಧ್ಯಾಯರಿಗೂ ಇದು ಸಣ್ಣ ವಿಷಯವಲ್ಲ. ಪದವೊಂದು ಮಸುಕಾದರೆ ವಿವೇಕವೂ ಮಸುಕಾಗುವುದು. ಇಲ್ಲಿ ವಿವೇಕಕ್ಕೆ ಒಪ್ಪಿಸಿರುವುದು ಜನರ ಆರೋಗ್ಯ.