ಚೊಂಬು, ಸೀಸೆ ಮತ್ತು ಸರಾಸರಿ

ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದಷ್ಟು ವರ್ಷವೂ ಸರಾಸರಿ ಎಂದರೆ ನನಗೆ ಅಂಕಿಗಳದ್ದು ಮಾತ್ರ. ಆಕಾರಗಳಿಗೂ ಸರಾಸರಿ ತೆಗೆಯಬಹುದೆಂದು ತಿಳಿದದ್ದು ನಿವೃತ್ತಿಯ ನಂತರ.

ಮಕ್ಕಳೇ, ಅಜ್ಜ-ಅಜ್ಜಿಯನ್ನು ಕೂರಿಸಿಕೊಂಡು ನೀವೂ ಮಾಡಿ ನೋಡಿ. ಗ್ರಾಫ್ ಹಾಳೆಯ ಮೇಲೆ ನೆಟ್ಟಗೆ ಒಂದು ನಡುಗೆರೆ ಎಳೆಯಿರಿ. ಅದರ ಬಲಕ್ಕೆ ಚೊಂಬಿನ ಒಂದು ಪಕ್ಕದ ಅಂಚು: ತಳದಲ್ಲಿ ನಡುಗೆರೆಯಿಂದ 3 ಸೆಂ.ಮೀ. ದೂರ, ಹೊಟ್ಟೆಯಲ್ಲಿ 5, ಕುತ್ತಿಗೆಯಲ್ಲಿ 2. ಇನ್ನೊಂದು ಹಾಳೆಯಲ್ಲಿ ಅಷ್ಟೇ ಎತ್ತರದ ಸೀಸೆ: ತಳ 3, ನಡು 3, ಕುತ್ತಿಗೆ 1. ಈಗ ಜೊತೆಜೊತೆಯಾಗಿ ಕೂಡಿ ಎರಡರಿಂದ ಭಾಗಿಸಿ. ತಳ 3, ಹೊಟ್ಟೆ 4, ಕುತ್ತಿಗೆ 1.5. ಅಂಚು ಸೇರಿಸಿದರೆ ಚೊಂಬೂ ಅಲ್ಲದ, ಸೀಸೆಯೂ ಅಲ್ಲದ ಒಂದು ಹೂಜಿ! ದೋಸೆಹಿಟ್ಟಿಗೆ ಅಕ್ಕಿ-ಉದ್ದು ಬೆರೆಸಿದಂತೆ ಪ್ರಮಾಣ ಬದಲಿಸಬಹುದು. ಮೂರು ಪಾಲು ಚೊಂಬು, ಒಂದು ಪಾಲು ಸೀಸೆ ಎಂದರೆ ಹೊಟ್ಟೆ 4.5.

ಮೊದಲ ಸಲ ನಾನು ಚೊಂಬಿಗೆ ಕೆಳಗಿನಿಂದ ಸಂಖ್ಯೆ ಹಾಕಿದ್ದೆ, ಮೊಮ್ಮಗ ಸೀಸೆಗೆ ಮೇಲಿನಿಂದ. ಸೀಸೆಯ ಕುತ್ತಿಗೆ ಚೊಂಬಿನ ತಳಕ್ಕೆ ಜೊತೆಯಾಯಿತು. ತಳ 2, ಕುತ್ತಿಗೆ 2.5! ನಿಲ್ಲಿಸಿದರೆ ಮಗುಚುವ ಪಾತ್ರೆ. ಲೆಕ್ಕ ಸರಿಯಾಗಿಯೇ ಇತ್ತು, ಜೋಡಿ ತಪ್ಪಿತ್ತು. ಕಂಪ್ಯೂಟರ್ ನೂರಾರು ಬಿಂದುಗಳ ಸರಾಸರಿಯನ್ನು ಕ್ಷಣದಲ್ಲಿ ತೆಗೆದು ಹತ್ತು ನಡುವಿನ ಆಕಾರ ತೋರಿಸುತ್ತದೆ. ಯಾವ ಬಿಂದುವಿಗೆ ಯಾವುದು ಜೊತೆ, ಹತ್ತರಲ್ಲಿ ಕೈಗೆ ಒಗ್ಗುವುದು ಯಾವುದು ಎಂದು ನೋಡುವುದು ವಿನ್ಯಾಸಕಾರನ ಕೆಲಸ.

ಸರಾಸರಿಯಿಂದ ಕಾರಿನ ಮೈಯ ನಯವಾದ ತಿರುವನ್ನೂ ಬರೆಯಬಹುದು. ಓರೆಕೋರೆಯಾಗಿ ಮೂರು ಬಿಂದು ಇಡಿ. ಮೊದಲೆರಡರ ನಡುಬಿಂದು, ಕೊನೆಯೆರಡರ ನಡುಬಿಂದು, ಮತ್ತೆ ಆ ಎರಡರ ನಡುಬಿಂದು ಗುರುತಿಸಿ. ಕೊನೆಯದು ತಿರುವಿನ ಮೇಲೆ ಕೂರುತ್ತದೆ. ಅರ್ಧದ ಬದಲು ಎಲ್ಲ ಕಡೆಯೂ ಕಾಲುಭಾಗ, ಮುಕ್ಕಾಲು ಭಾಗ ಹಿಡಿದರೆ ಉಳಿದ ಬಿಂದುಗಳೂ ಸಿಗುತ್ತವೆ.

1959ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಕಾರ್ ಕಂಪನಿಯಲ್ಲಿ ಇದನ್ನು ಕಂಡುಹಿಡಿದವರು ಗಣಿತಜ್ಞ ಪಾಲ್ ದ ಕಾಸ್ತೆಲ್ಜೊ. ಕಂಪನಿ ಅದನ್ನು ಗುಟ್ಟಾಗಿಟ್ಟಿತು. ಅಷ್ಟರಲ್ಲಿ ಇನ್ನೊಂದು ಕಾರ್ ಕಂಪನಿ ರೆನೊದ ಎಂಜಿನಿಯರ್ ಪಿಯರ್ ಬೆಜಿಯೆ ಬೇರೆ ದಾರಿಯಲ್ಲಿ ಅದೇ ತಿರುವಿಗೆ ಬಂದು, 1960ರ ದಶಕದಲ್ಲಿ ಪ್ರಕಟಿಸಿದರು. ಜಗತ್ತು ಅದಕ್ಕೆ ಬೆಜಿಯೆ ವಕ್ರರೇಖೆ ಎಂದಿತು. ಬೆಜಿಯೆ ಅವರದೇನೂ ತಪ್ಪಿಲ್ಲ. ಆದರೂ ಬಾಯಿ ಮುಚ್ಚಿಕೊಂಡಿದ್ದ ನೌಕರನ ಹೆಸರು ಹಿಂದೆ ಬಿದ್ದದ್ದು ನನಗೆ ಸಹಿಸುವುದಿಲ್ಲ. ಈಗ ಲೆಕ್ಕದ ವಿಧಾನಕ್ಕಾದರೂ ಕಾಸ್ತೆಲ್ಜೊ ಹೆಸರಿದೆ.

ಮೊಬೈಲಿನಲ್ಲಿ ಕಾಣುವ ನಮ್ಮ ದುಂಡು ಕನ್ನಡದ ಅಕ್ಷರಗಳ ಅಂಚುಗಳನ್ನು ಬರೆಯುವುದೂ ಇದೇ ಬೆಜಿಯೆ ರೇಖೆಗಳಿಂದ. ಮೊಮ್ಮಗ ಈಗ 'ಠ'ಗೆ ಎಷ್ಟು ಬಿಂದು ಬೇಕೆಂದು ಎಣಿಸುತ್ತಾ ಕೂತಿದ್ದಾನೆ.