ನೀರಿದ್ದೆಡೆ ಊರು, ಕಾಯಕವಿದ್ದೆಡೆ ಬದುಕು

ಮನುಷ್ಯನು ತನ್ನ ನೆಲೆಯನ್ನು ಕೇವಲ ಇಚ್ಛೆಯಿಂದ ಆರಿಸಿಕೊಳ್ಳುವುದಿಲ್ಲ. ನೆಲ, ಜಲ, ದುಡಿಮೆ ಈ ಮೂರೂ ಕೂಡಿ ಅವನನ್ನು ಒಂದೆಡೆ ನಿಲ್ಲಿಸುತ್ತವೆ, ಇಲ್ಲವೆ ಎಬ್ಬಿಸುತ್ತವೆ. ನಮ್ಮ ಕನ್ನಡ ನಾಡೇ ಇದಕ್ಕೆ ನಿದರ್ಶನ.

ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ವಿಜಯಪುರದ ಬಯಲಿನಲ್ಲಿ ಸುಮಾರು 600 ಮಾತ್ರ. ಈ ಅಂತರ ಊರುಗಳ ರಚನೆಯಲ್ಲಿಯೇ ಎದ್ದು ಕಾಣುತ್ತದೆ. ಮಲೆನಾಡಿನಲ್ಲಿ ನೀರು ಎಲ್ಲೆಡೆ ದೊರೆಯುವುದರಿಂದ ಅಡಕೆ ತೋಟಗಳ ನಡುವೆ ಮನೆಗಳು ಚದುರಿಕೊಂಡಿವೆ. ಎರೆಭೂಮಿಯಲ್ಲಿ ಸಿಹಿನೀರು ವಿರಳ. ಆದುದರಿಂದ ಕೆರೆ, ಹಳ್ಳ, ಬಾವಿಗಳ ಮಗ್ಗುಲಲ್ಲಿ ಗೋಡೆಗೆ ಗೋಡೆ ತಾಗಿಸಿ ಮನೆ ಕಟ್ಟಿದರು. ಹಿಂದಿನ ಕಾಲದ ದಂಡಿನ ಭಯವೂ ಜನರನ್ನು ಒಂದುಗೂಡಿಸಿತು. ಹಲವು ಊರುಗಳಲ್ಲಿ ಉಳಿದಿರುವ ಹುಡೇವುಗಳೇ ಅದಕ್ಕೆ ಸಾಕ್ಷಿ.

ದುಡಿಮೆಯ ಸೆಳೆತವೂ ಕಡಿಮೆಯದಲ್ಲ. ಚಿನ್ನದ ಗಣಿಗಳಿಂದ ಕೋಲಾರದ ಬಂಜರಿನಲ್ಲಿ ನಗರವೊಂದು ಹುಟ್ಟಿತು. 1902ರಲ್ಲಿಯೇ ಅಲ್ಲಿಗೆ ಶಿವನಸಮುದ್ರದಿಂದ ವಿದ್ಯುತ್ತು ಹರಿಯಿತು. 2001ರಲ್ಲಿ ಗಣಿ ಮುಚ್ಚಿದ ಬಳಿಕ ಅಲ್ಲಿಯ ಅನೇಕರು ಕೂಲಿಗಾಗಿ ರೈಲು ಹಿಡಿದು ಬೆಂಗಳೂರಿಗೆ ಬರುವಂತಾಯಿತು. ತುಂಗಭದ್ರೆಯ ಕಾಲುವೆ ಹರಿದಾಗ ಗಂಗಾವತಿ, ಸಿಂಧನೂರುಗಳ ಒಣನೆಲ ಭತ್ತದ ಗದ್ದೆಯಾಗಿ, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ತಲೆಯೆತ್ತಿದವು. ಕೃಷ್ಣೆಯ ನೀರು ಆಲಮಟ್ಟಿಯಲ್ಲಿ ನಿಂತಾಗ ಬಾಗಲಕೋಟೆಯ ಎಷ್ಟೋ ಮನೆತನಗಳು ಹಳೆಯ ಊರನ್ನು ಬಿಟ್ಟು ನವನಗರ ಸೇರಬೇಕಾಯಿತು. ಒಬ್ಬರಿಗೆ ನೆಲೆ ಕೊಟ್ಟ ನೀರು ಮತ್ತೊಬ್ಬರ ನೆಲೆ ಕಳೆಯಿತು.

2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 4,300ಕ್ಕೂ ಹೆಚ್ಚು ಜನ, ಕೊಡಗಿನಲ್ಲಿ 135. ಅದರ ಹಿಂದಿನ ಹತ್ತು ವರ್ಷಗಳಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಶೇಕಡ 47ರಷ್ಟು ಏರಿತು. ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ತುಸು ಇಳಿಯಿತು. ಈ ಅಂಕಿಗಳ ಹಿಂದೆ ಬೀಗ ಬಿದ್ದ ಬಾಗಿಲುಗಳಿವೆ, ಮಕ್ಕಳ ದಾರಿ ಕಾಯುವ ವೃದ್ಧ ತಂದೆತಾಯಿಗಳಿದ್ದಾರೆ. ಕಲ್ಯಾಣ ಕರ್ನಾಟಕದಲ್ಲಿ ಸುಗ್ಗಿ ಮುಗಿದೊಡನೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ಶಾಲೆ ತಪ್ಪಿಸಿಕೊಳ್ಳುತ್ತಾರೆ.

ಊರು ಬಿಡುವುದು ದೋಷವೆಂದು ನಾವು ಹೇಳುವುದಿಲ್ಲ. ಸೊನ್ನಲಿಗೆಯ ಸಿದ್ಧರಾಮರೂ ಕಲ್ಯಾಣಕ್ಕೆ ಬಂದವರೇ. ಆದರೆ ಅವರು ತಮ್ಮೂರಿನಲ್ಲಿ ಕೆರೆ ಕಟ್ಟಿಸಿದವರು ಎಂಬುದನ್ನು ಮರೆಯಲಾಗದು. ಕಾಯಕ ಹೊರಗೆ ಕರೆದೊಯ್ದರೂ ದಾಸೋಹದ ಒಂದು ಪಾಲು ಹುಟ್ಟಿದೂರಿಗೆ ಸಲ್ಲಬೇಕು. ಕೆರೆಯ ಹೂಳೆತ್ತಿಸುವುದು, ತೊಗರಿಯನ್ನು ಊರಿನಲ್ಲಿಯೇ ಬೇಳೆ ಮಾಡುವ ಗಿರಣಿಗೆ ನೆರವಾಗುವುದು, ಗುಳೆ ಹೋಗುವವರ ಮಕ್ಕಳಿಗೆ ಮಠಗಳ ಪ್ರಸಾದ ನಿಲಯಗಳಲ್ಲಿ ಆಸರೆ ಒದಗಿಸುವುದು, ಇವು ನಮ್ಮ ಅಳವಿನಲ್ಲಿವೆ. ಜಾತ್ರೆಗೆ ಬಂದವರು ತೇರೆಳೆದು ಮರಳುವ ಮುನ್ನ ಊರ ಕೆರೆಯ ಕಡೆಗೂ ಒಮ್ಮೆ ಹೋಗಿ ನೋಡಲಿ. ನೀರು ಉಳಿದರೆ ಕಾಯಕ ಉಳಿದೀತು. ಕಾಯಕ ಉಳಿದರೆ ಊರು ಉಳಿದೀತು.